ಬಡಗಿಯ ಕೈಗೆ ಒಂದು ತುಂಡು ಮರ

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಸಭೆಯಲ್ಲಿ ಹೇಳಲು ಕೆಲವರು ಹಿಂಜರಿಯುವ ಗಾದೆ ಇದು, ಮನೆಯೊಳಗೆ ಹೇಳದವರಿಲ್ಲ. ಅಂಕೋಲೆಯ ಕಡೆ ಉದ್ಯೋಗದ ಮಾತು ಬಂದಾಗಲೆಲ್ಲ ಈಗೀಗ ನನಗೆ ಇದೇ ಗಾದೆ ನೆನಪಾಗುತ್ತದೆ. ಅಲಗೇರಿ, ಬೇಲೇಕೇರಿ, ಭಾವಿಕೇರಿಯ ನೆಲವನ್ನು ವಿಮಾನ ನಿಲ್ದಾಣಕ್ಕೆಂದು ಗುರುತಿಸಿದ್ದಾರೆ. ಕೇಣಿಯಲ್ಲಿ ಬಂದರು ಆಗಬೇಕು, ಆಗಬಾರದು ಎಂಬ ಜಗಳವಿದೆ. ಕಾರವಾರದತ್ತ ಸೀಬರ್ಡ್ ನೌಕಾನೆಲೆ ಇದ್ದೇ ಇದೆ. ಇವುಗಳಿಂದ ಎಷ್ಟು ಜನಕ್ಕೆ ಕೆಲಸ ಸಿಗಬಹುದು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಚಿತ್ರಕಲೆ, ವಿನ್ಯಾಸ, ಅನಿಮೇಶನ್, ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ಹುಡುಗ ಹುಡುಗಿಯರು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಅವರು ಬೆಂಗಳೂರಿಗೆ, ಪುಣೆಗೆ, ಮುಂಬೈಗೆ ಅರ್ಜಿ ಕಳಿಸುತ್ತ ಕಾಯುತ್ತಾರೆ. ಕಾಯುವ ಹೊತ್ತಿನಲ್ಲಿ ಅವರಲ್ಲೊಬ್ಬಳು ಶಾಯಿ ಪೆನ್ನು, ಬಣ್ಣದ ದೌತಿ, ಒಳ್ಳೆಯ ಕಾಗದದ ಪಟ್ಟಿ ತಂದು ಅಕ್ಷರ ತಿದ್ದಲು ಕೂತರೆ ಮನೆಯ ಹಿರಿಯರ ಬಾಯಲ್ಲಿ ಬರುವುದು ಈ ಗಾದೆಯೇ. ಗಾದೆಯನ್ನು ಅಲ್ಲಿ ತಪ್ಪಾಗಿ ಬಳಸುತ್ತಾರೆ ಎಂಬುದು ನನ್ನ ವಾದ. ಸರಿಯಾಗಿ ನೋಡಿದರೆ ಅದು ಆ ಹುಡುಗಿಯ ಪರವಾಗಿಯೇ ಮಾತಾಡುತ್ತದೆ.

ಸಾಮಾನ್ಯವಾಗಿ ಹೇಳುವ ಅರ್ಥ ಇಷ್ಟು: ಕೆಲಸವಿಲ್ಲದವನು ಮಾಡಬಾರದ್ದನ್ನು ಮಾಡುತ್ತಾನೆ, ಆದ್ದರಿಂದ ಯಾರೂ ಸುಮ್ಮನೆ ಕೂರಬಾರದು. ಈ ಅರ್ಥ ಹೇಳಲು ಬಡಗಿಯೇ ಬೇಕಾಗಿರಲಿಲ್ಲ. ಯಾವ ಸೋಮಾರಿಯಾದರೂ ಸಾಕಿತ್ತು. ಇನ್ನು ಕೆಲವರು ಇದನ್ನು ಮನೆಯವರ ಮೇಲೆ ಸಿಟ್ಟು ತೀರಿಸಿಕೊಳ್ಳುವವನ ಚಿತ್ರ ಎನ್ನುತ್ತಾರೆ. ಗಾದೆಯಲ್ಲಿ ಸಿಟ್ಟಿನ ಸುಳಿವೇ ಇಲ್ಲ. ಅಲ್ಲಿರುವುದು ಹದ ಮಾಡಿದ ಉಳಿ, ಪಳಗಿದ ಕೈ, ಮುಂದೆ ಮರವಿಲ್ಲದ ಒಬ್ಬ ಕಸುಬುದಾರ. ಅವನು ಸೋಮಾರಿಯಾಗಿದ್ದರೆ ಮಲಗಿರುತ್ತಿದ್ದ, ಮಗು ಬಚಾವಾಗುತ್ತಿತ್ತು. ಕೆತ್ತದೆ ಇರಲಾರದ ಕೈ ಅದು. ಕೆತ್ತಲು ಮರ ಸಿಗದಿದ್ದಾಗ ಅದು ಅತಿ ಹತ್ತಿರದ್ದನ್ನು, ತನ್ನದೇ ಆದದ್ದನ್ನು, ಕೆತ್ತಬಾರದ್ದನ್ನು ಕೆತ್ತುತ್ತದೆ. ತಪ್ಪು ಕೆತ್ತುವುದರಲ್ಲಿಲ್ಲ, ಮರದ ಜಾಗಕ್ಕೆ ಮಾಂಸ ಬಂದಿರುವುದರಲ್ಲಿದೆ. ಗಾದೆ ಕೊಡುವ ಎಚ್ಚರಿಕೆ ಹಾಗಾದರೆ ನೇರವಾಗಿದೆ: ಕೆಲಸ ಬರುವ ತನಕ ಬಡಗಿಯ ಮುಂದೆ ಒಂದು ತುಂಡು ಮರ ಇರಲಿ.

ಇಂದಿನ ಉದ್ಯೋಗಾಕಾಂಕ್ಷಿ ಕೆತ್ತುತ್ತಿರುವುದು ಏನನ್ನು ಎಂದು ಕೇಳಿಕೊಂಡರೆ ಗಾದೆಯ ಹರಿತ ತಿಳಿಯುತ್ತದೆ. ಆಕೆ ತನ್ನನ್ನೇ ಕೆತ್ತುತ್ತಿದ್ದಾಳೆ. ಒಂದು ಜಾಹೀರಾತಿಗೆ ತಾನು ಚಿತ್ರಕಾರ್ತಿ, ಇನ್ನೊಂದಕ್ಕೆ ಬರಹಗಾರ್ತಿ, ಮತ್ತೊಂದಕ್ಕೆ ಸಾಮಾಜಿಕ ಜಾಲತಾಣ ನೋಡಿಕೊಳ್ಳುವವಳು. ಪ್ರತಿ ಅರ್ಜಿಗೂ ಬಯೋಡೇಟಾದಿಂದ ಸ್ವಲ್ಪ ಸವರಬೇಕು, ಸ್ವಲ್ಪ ಅಂಟಿಸಬೇಕು. ಹೆಚ್ಚಿನ ಅರ್ಜಿಗಳಿಗೆ ಇಲ್ಲ ಎಂಬ ಉತ್ತರವೂ ಬರುವುದಿಲ್ಲ. ಉತ್ತರ ಬಾರದಿದ್ದರೆ ಎಲ್ಲಿ ಹೆಚ್ಚು ಕೆತ್ತಿದೆ, ಎಲ್ಲಿ ಕಡಿಮೆ ಎಂಬುದೂ ತಿಳಿಯುವುದಿಲ್ಲ. ತಿಳಿಯದೆ ಮತ್ತೆ ಕೆತ್ತುತ್ತಾಳೆ. ವರ್ಷ ಕಳೆಯುವಷ್ಟರಲ್ಲಿ ತನಗೆ ಏನು ಬರುತ್ತದೆ, ಯಾವುದು ಇಷ್ಟ ಎಂಬುದೇ ಅವಳಿಗೆ ಅನುಮಾನವಾಗಿರುತ್ತದೆ. ಕುಶಲಿಯಾದ ಕೈ ತನ್ನ ಮೇಲೆ ತಾನೇ ತಿರುಗುವುದೆಂದರೆ ಇದೇ.

ಕಾಗದದ ಗುಣ ಬೇರೆ. ಅದು ಆಗಲೇ ಉತ್ತರ ಕೊಡುತ್ತದೆ. ಅಗ್ಗದ ಶಾಲಾ ಪಟ್ಟಿಯ ಮೇಲೆ ಶಾಯಿ ಪೆನ್ನಿನಿಂದ ಬರೆದರೆ ಗೆರೆ ಬೇರುಬಿಟ್ಟಂತೆ ಹರಡುತ್ತದೆ, ಹಿಂಬದಿಗೂ ಮೂಡುತ್ತದೆ. ಶಾಯಿ ಹೀರದಂತೆ ಅಂಟು ಕೊಟ್ಟು ತಯಾರಿಸಿದ ದಪ್ಪ ಕಾಗದದಲ್ಲಿ ಅದೇ ಗೆರೆ ಚೂಪಾಗಿ ನಿಲ್ಲುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಳ್ಳೆಯ ಕಾಗದವೂ ತೇವ ಹೀರಿ ಮೆತ್ತಗಾಗುತ್ತದೆ, ಮೇ ತಿಂಗಳಲ್ಲಿ ಸರಿಯಾಗಿ ಬಂದ ಅಕ್ಷರ ಜುಲೈಯಲ್ಲಿ ಒಡೆಯುತ್ತದೆ. ಅರಗು ಬೆರೆಸಿದ ಚಿತ್ರದ ಶಾಯಿಯನ್ನು ಸಾಮಾನ್ಯ ಶಾಯಿ ಪೆನ್ನಿಗೆ ತುಂಬಿದರೆ ಒಳಗೇ ಒಣಗಿ ಗಟ್ಟಿಯಾಗಿ ಪೆನ್ನು ಹಾಳಾಗುತ್ತದೆ. ಟಾಕನ್ನು ಯಾವ ಓರೆಯಲ್ಲಿ ಹಿಡಿದರೆ ‘ಳ’ಕಾರದ ಹೊಟ್ಟೆ ತುಂಬುತ್ತದೆ, ಎಲ್ಲಿ ಭಾರ ಬಿಟ್ಟರೆ ತಲೆಕಟ್ಟು ತೆಳ್ಳಗಾಗುತ್ತದೆ ಎಂಬುದನ್ನು ಯಾರ ಶಿಫಾರಸೂ ಇಲ್ಲದೆ ಕೈ ಕಲಿಯುತ್ತದೆ. ತಪ್ಪಿದರೆ ತಪ್ಪು ಕಣ್ಣೆದುರೇ ಇರುತ್ತದೆ. ಅರ್ಜಿಯ ಮೌನದಲ್ಲಿ ದಿನ ಕಳೆಯುವ ಮನಸ್ಸಿಗೆ ಹೀಗೆ ಖಚಿತವಾಗಿ ಹೌದು, ಅಲ್ಲ ಎನ್ನುವ ಒಂದು ವಸ್ತು ಬೇಕೇ ಬೇಕು. ಈ ಹವ್ಯಾಸವನ್ನು ಬರೀ ಮನರಂಜನೆ ಎಂದು ನಾನು ಒಪ್ಪದಿರುವುದಕ್ಕೆ ಕಾರಣ ಇದು.

ಇದೆಲ್ಲ ಹೊರದೇಶದ ಶೋಕಿ ಎಂಬ ಆಕ್ಷೇಪ ಕೇಳಿದ್ದೇನೆ. ಬಣ್ಣಬಣ್ಣದ ಅಂಟುಪಟ್ಟಿಗಳು ಜಪಾನಿನಿಂದ ಬಂದಿರಬಹುದು. ಬರೆಯುವ ಸಾಮಗ್ರಿಯ ಮೇಲಿನ ಪ್ರೀತಿ ಅಲ್ಲಿಂದ ಬರಬೇಕಾಗಿರಲಿಲ್ಲ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಕಡತ ಮಾಡಿ, ಬಳಪದಲ್ಲಿ ಬರೆದು, ಅಳಿಸಿ, ಮತ್ತೆ ಬರೆದ ನಾಡು ಇದು. ತಾಳೆಗರಿಯನ್ನು ಹದಮಾಡುವುದು, ಕಂಠದಿಂದ ಕೊರೆಯುವುದು, ಕೊರೆದ ಗೀರಿಗೆ ಮಸಿ ತುಂಬುವುದು ಲಿಪಿಕಾರನ ವಿದ್ಯೆಯ ಭಾಗವೇ ಆಗಿತ್ತು. ಸ್ವದೇಶಿ ಚಳವಳಿಯ ಕಾಲಕ್ಕೆ ಪೆನ್ನು, ಶಾಯಿ ದೇಶಾಭಿಮಾನದ ವಸ್ತುಗಳೂ ಆದವು: ರಾಜಮಹೇಂದ್ರಿಯ ರತ್ನಂ ಪೆನ್ನು 1932ರಲ್ಲಿ, ಬಂಗಾಳದ ಸುಲೇಖಾ ಶಾಯಿ 1934ರಲ್ಲಿ ಹುಟ್ಟಿದವು. 1930ರಲ್ಲಿ ಉಪ್ಪು ಮಾಡಿ ಸೆರೆಮನೆಗೆ ಹೋದ ಅಂಕೋಲೆಗೆ ಆ ಕಾಲದ ಭಾವನೆಯನ್ನು ವಿವರಿಸಬೇಕಿಲ್ಲ. ನಮ್ಮ ಜಿಲ್ಲೆಯದೇ ದಾಂಡೇಲಿಯಲ್ಲಿ, ಕಾಳಿ ನದಿಯ ದಡದಲ್ಲಿ, 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇದೆ. ಅದೇ ಕಾಳಿ ಕಾರವಾರದಲ್ಲಿ ಕಡಲು ಸೇರುತ್ತದೆ. ಕಾಗದ ಈ ಸೀಮೆಗೆ ಪರಕೀಯವಲ್ಲ.

ಇನ್ನೂ ಹತ್ತಿರದ ಸಾಕ್ಷಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ಗದ್ದೆಯ ಕೊಯ್ಲು ಮುಗಿದು ಹೋಳಿ ಹತ್ತಿರವಾದಾಗ ಸುಗ್ಗಿಯವರು ತಲೆಗೆ ಕಟ್ಟುವ ತುರಾಯಿ ನೋಡಿ: ಬೆಂಡು, ಬಣ್ಣದ ಕಾಗದ, ಹೂವು, ಹಕ್ಕಿ. ವರ್ಷವಿಡೀ ನೇಗಿಲು, ಕತ್ತಿ ಹಿಡಿದ ಸಮುದಾಯ ಬಿಡುವಿನ ಕಾಲಕ್ಕೆಂದೇ ಇಂಥ ನಾಜೂಕಿನ ವಸ್ತುವನ್ನು ಇಟ್ಟುಕೊಂಡಿದೆ. ಅದನ್ನು ಕಾಲಹರಣ ಎಂದು ಯಾರೂ ಕರೆಯುವುದಿಲ್ಲ. ಊರೆಲ್ಲ ಅಂಗಳಕ್ಕೆ ಬಂದು ನೋಡುತ್ತದೆ. ಹಾಗಿರುವಾಗ ಪದವಿ ಪಡೆದ ಹುಡುಗಿಯ ಕೈಯ ಕಾಗದಕ್ಕೆ ಮಾತ್ರ ಆ ಮರ್ಯಾದೆ ಏಕಿಲ್ಲ?

ಗಟ್ಟಿಯಾದ ಆಕ್ಷೇಪ ಒಂದಿದೆ: ಹವ್ಯಾಸದ ಹೊತ್ತನ್ನು ಕೆಲಸ ಹುಡುಕಲು ಕೊಡಬಾರದೇ, ಇಲ್ಲವಾದರೆ ಸಿಕ್ಕ ಯಾವುದಾದರೂ ನೌಕರಿ ಹಿಡಿಯಬಾರದೇ? ಹಿಡಿಯಬಹುದು. ಅಲಗೇರಿಯಲ್ಲಿ 1909ರಲ್ಲಿ ಹುಟ್ಟಿದ ದಿನಕರ ದೇಸಾಯಿಯವರು ಕಾರ್ಮಿಕ ಸಂಘಟನೆ, ಶಿಕ್ಷಣ ಸಂಸ್ಥೆ, ಸಂಸತ್ತು ಎಲ್ಲವನ್ನೂ ಹೊತ್ತುಕೊಂಡೇ ನಾಲ್ಕು ಸಾಲಿನ ಚುಟುಕ ಬರೆದರು. ಅಂಬಾರಕೊಡ್ಲದ ವಿಷ್ಣು ನಾಯ್ಕರು ಶಾಲಾ ಶಿಕ್ಷಕರಾಗಿದ್ದೇ ಕವಿಯೂ ರಾಘವೇಂದ್ರ ಪ್ರಕಾಶನದ ಪ್ರಕಾಶಕರೂ ಆದರು. ಬೇರೆ ನೌಕರಿ ಮಾಡುವುದರಿಂದ ಉಳಿ ಮೊಂಡಾಗುವುದಿಲ್ಲ. ಉಳಿಯನ್ನು ಪೆಟ್ಟಿಗೆಯಲ್ಲಿ ಹಾಕಿಟ್ಟರೆ ತುಕ್ಕು ಹಿಡಿಯುತ್ತದೆ. ಮೈಸೂರಿನ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರಿಗೆ ಮುಂಬೈಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತು. ಅವರು ಆ ಶಾಲೆಗೆ ಒಪ್ಪುವಂತೆ ತಮ್ಮನ್ನು ಕೆತ್ತಿಕೊಳ್ಳಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು, 1942ರಲ್ಲಿ ಆರಂಭವಾದ ಕನ್ನಡದ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆದರು, ಕಥೆಗಾರನಾದ ತಮ್ಮ ಅಣ್ಣನ ಕಥೆಗಳಿಗೂ ಬರೆದರು. ಮುಂಬೈಯ ಪತ್ರಿಕೆಗಳು ಅವರನ್ನು ತೆಗೆದುಕೊಂಡದ್ದು ನಿಲ್ಲದೆ ಓಡುತ್ತಿದ್ದ ಆ ಗೆರೆಗಾಗಿ. ಇಂದಿಗೂ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆಯಲ್ಲಿ ಕೈಯಿಂದ ಚಿತ್ರ ಬರೆದು ತೋರಿಸಬೇಕು. ಕಂಪ್ಯೂಟರು ಎಲ್ಲ ಮಾಡುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಈ ವಾದಕ್ಕೆ ಒಂದು ಮಿತಿ ಇದೆ, ಅದನ್ನು ನಾನೇ ಒತ್ತಿ ಹೇಳುತ್ತೇನೆ. ಕೊಳ್ಳುವುದು ಬೇರೆ, ಬರೆಯುವುದು ಬೇರೆ. ಹತ್ತು ಉಳಿ ತಂದು ಗೋಡೆಗೆ ತೂಗುಹಾಕಿದ ಬಡಗಿಯೂ ಕೆಲಸವಿಲ್ಲದ ಬಡಗಿಯೇ, ಅವನ ಮಗನಿಗೂ ಅಪಾಯ ತಪ್ಪಿಲ್ಲ. ಮನೆಗೆ ಸಂಬಳ ಬಾರದ ಕಾಲದಲ್ಲಿ ಸಾವಿರಾರು ರೂಪಾಯಿಯ ಪೆನ್ನು ತರಿಸುವುದನ್ನು ನಾನು ಸಮರ್ಥಿಸುವುದಿಲ್ಲ. ಹಿರಿಯರ ಅಸಮಾಧಾನದಲ್ಲಿ ಆ ಮಟ್ಟಿಗೆ ನ್ಯಾಯವಿದೆ. ಭಾವಿಕೇರಿಯ ಹಿತ್ತಲಿನಲ್ಲಿ ಸಿಗುವ ಬಿದಿರಿನ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ, ನಡುವೆ ಸೀಳಿಕೊಂಡರೆ ಕನ್ನಡ ಅಕ್ಷರದ ದಪ್ಪ, ತೆಳುವು ಎರಡನ್ನೂ ಕೊಡುವ ಲೇಖನಿ ಆಗುತ್ತದೆ. ಅದಕ್ಕೆ ಖರ್ಚಿಲ್ಲ. ಖರ್ಚು ಬೀಳುವುದು ಕಾಗದಕ್ಕೆ, ಶಾಯಿಗೆ.

ಅಷ್ಟನ್ನು ಊರು ಕೊಡಬಾರದೇಕೆ? ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಸರ್ಕಾರ ಈಗ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಪುಸ್ತಕ ಇಡುವುದು ಸರಿಯಾದ ಕೆಲಸ. ಪಕ್ಕದಲ್ಲೇ ಒಂದು ಉದ್ದ ಮೇಜು, ಒಂದಿಷ್ಟು ದಪ್ಪ ಕಾಗದ, ನಾಲ್ಕು ದೌತಿ ಶಾಯಿ, ಬೇರೆ ಬೇರೆ ಟಾಕು ಇಟ್ಟರೆ ಹೆಚ್ಚಿನ ಹಣ ಬೇಕಾಗದು. ಊರಿನ ಯಕ್ಷಗಾನದ ಹಸ್ತಪ್ರತಿ, ಬಂಡಿಹಬ್ಬದ ಆಮಂತ್ರಣ, ಶಾಲೆಯ ಫಲಕ, ಸಂಘದ ಅಭಿನಂದನಾ ಪತ್ರ ಇವನ್ನೆಲ್ಲ ಆ ಮೇಜಿನ ಮುಂದೆ ಕೂತ ಮಕ್ಕಳ ಕೈಯಲ್ಲೇ ಬರೆಸಲಿ, ಬರೆದುದಕ್ಕೆ ಹಣವನ್ನೂ ಕೊಡಲಿ.