ಬೆಕ್ಕಿನ ಕಾಯಿಲೆಗೆ ಖರ್ಚು ಮಾಡಬಹುದೇ?

ಕಳೆದ ತಪಸ್ಸುಕಾಲದ ಒಂದು ಭಾನುವಾರ. ಕನ್ನಡ ಪೂಜೆ ಮುಗಿದು ತಮಿಳು ಪೂಜೆಗೆ ಜನ ಬರುತ್ತಿದ್ದರು. ದೇವಾಲಯದ ಮೆಟ್ಟಿಲ ಬಳಿ ನಮ್ಮ ಕೇರಿಯ ಅಕ್ಕನೊಬ್ಬರು ನಮ್ಮನ್ನು ನಿಲ್ಲಿಸಿ, "ಬೆಕ್ಕಿಗೂ ಕಿಡ್ನಿ ಡಾಕ್ಟ್ರು ಇದಾರಂತಲ್ಲ, ಹೌದಾ ಅಣ್ಣ?" ಎಂದು ಕೇಳಿದರು. ಅವರ ಯಜಮಾನರು ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗಿ ಬರುವವರು. ಅಕ್ಕನ ಮಾತಿನಲ್ಲಿ ಕುಹಕವಿರಲಿಲ್ಲ. ಗೊತ್ತಿರಲಿಲ್ಲ, ಕೇಳಿದರು, ಅಷ್ಟೇ. ಆದರೂ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. "ಇದಾರಕ್ಕ" ಎಂದಷ್ಟೇ ಹೇಳಿ ಮನೆಗೆ ಬಂದೆವು. ಅಂದಿನಿಂದ ಆ ಪ್ರಶ್ನೆ ನಮ್ಮ ಮನೆಯಲ್ಲೇ ಕೂತಿದೆ. ಅದನ್ನು ಈ ಪುಟದಲ್ಲಿ ನಿಮ್ಮ ಮುಂದೆಯೂ ಇಡುತ್ತಿದ್ದೇವೆ.

ಬೆಕ್ಕು ಬಂದ ಬಗೆ ಹೀಗೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ರಜೆಯ ದಿನ ಒಂದು ಪ್ರಾಣಿ ಆಶ್ರಯಧಾಮಕ್ಕೆ ಹೋಗಿ ಕೈಲಾದ ಕೆಲಸ ಮಾಡುತ್ತಾಳೆ. ಯಾರೋ ರಾತ್ರಿ ಹೊತ್ತು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಗೇಟಿನ ಬಳಿ ಬಿಟ್ಟುಹೋದ ಪರ್ಷಿಯನ್ ಬೆಕ್ಕು ಅದು. ಉದ್ದ ಕೂದಲು, ಚಪ್ಪಟೆ ಮುಖ, ಸದಾ ನೀರು ಸುರಿಯುವ ಕಣ್ಣು. ವಯಸ್ಸು ಐದಿರಬಹುದು ಎಂದರು. ಸ್ಕ್ಯಾನ್ ಮಾಡಿಸಿದಾಗ ಎರಡೂ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ಕಂಡವು. ಮಗಳು ಇದನ್ನು ಮುಚ್ಚಿಡಲಿಲ್ಲ. ಗುಣವಾಗದ ಕಾಯಿಲೆ, ಇವತ್ತಲ್ಲ ನಾಳೆ ಜೋರಾಗುತ್ತದೆ ಎಂದು ಮೊದಲೇ ಹೇಳಿದಳು. ಗೊತ್ತಿದ್ದೇ ನಾವು ಕಾಗದಕ್ಕೆ ಸಹಿ ಹಾಕಿದೆವು. ಈಗ ನಮ್ಮ ಮನೆಗೆ ಬರುವ ತಮಿಳರು ಅದನ್ನು 'ಪೂನೈ' ಎನ್ನುತ್ತಾರೆ, ಪಕ್ಕದ ಮನೆಯ ತೆಲುಗಿನವರು 'ಪಿಲ್ಲಿ' ಎನ್ನುತ್ತಾರೆ, ನಾವು 'ಮುದ್ದಿ' ಎನ್ನುತ್ತೇವೆ. ನಮ್ಮ ಧರ್ಮಪ್ರಾಂತ್ಯದ ಮೂರು ಭಾಷೆಗಳಲ್ಲಿ ಕರೆದರೂ ಅದು ತಿರುಗಿ ನೋಡುವುದಿಲ್ಲ. ಮೀನು ಹುರಿಯುವ ವಾಸನೆಗೆ ಮಾತ್ರ ಎದ್ದು ಬರುತ್ತದೆ.

ಈ ಕಾಯಿಲೆಯ ಬಗ್ಗೆ ತಿಳಿದುಕೊಂಡಷ್ಟೂ ನಮಗೆ ಸಂಕಟವಾಯಿತು. ಇದು ಸೋಂಕಲ್ಲ, ವಂಶದಿಂದ ಬರುವುದು. ಗುಳ್ಳೆಗಳು ಹುಟ್ಟುವಾಗಲೇ ಸಾಸಿವೆಯಷ್ಟು ಇದ್ದು, ವಯಸ್ಸಾದಂತೆ ಬೆಳೆದು, ಒಳ್ಳೆಯ ಭಾಗವನ್ನು ಒತ್ತಿ ಕೆಡಿಸುತ್ತವೆ. ತಂದೆ ತಾಯಿಯಲ್ಲಿ ಒಂದಕ್ಕಿದ್ದರೂ ಸಾಕು, ಪ್ರತಿ ಮರಿಗೂ ಅರ್ಧಕ್ಕರ್ಧ ಸಾಧ್ಯತೆ. ಇದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2004ರಲ್ಲಿಯೇ ಗುರುತಿಸಿದ್ದಾರೆ. ಮನುಷ್ಯರಿಗೆ ಬರುವ ಇದೇ ಬಗೆಯ ವಂಶದ ಕಾಯಿಲೆಯಲ್ಲೂ ಹೆಚ್ಚಿನವರಲ್ಲಿ ಕೆಟ್ಟಿರುವುದು ಅದೇ ವಂಶವಾಹಿ. (ಅಕ್ಕನ ಯಜಮಾನರದು ಹಾಗಲ್ಲ, ಸಕ್ಕರೆ ಕಾಯಿಲೆಯಿಂದ ಬಂದದ್ದು.) ಈಗ ಬೆಕ್ಕಿನ ಕೆನ್ನೆಯ ಒಳಗಿಂದ ಹತ್ತಿಯಲ್ಲಿ ಒರೆಸಿ ತೆಗೆದು ಪರೀಕ್ಷೆ ಮಾಡಬಹುದು. ದೋಷವಿರುವ ಬೆಕ್ಕುಗಳನ್ನು ಮರಿಗೆ ಬಿಡದಿದ್ದರೆ ಆ ಮನೆತನದಲ್ಲಿ ಒಂದೇ ತಲೆಮಾರಿಗೆ ಕಾಯಿಲೆ ನಿಲ್ಲುತ್ತದೆ. ನಿಲ್ಲಿಸಬಹುದಾದದ್ದು ನಿಂತಿಲ್ಲ.

ಮುಖದ ಕಥೆಯೂ ಅದೇ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದಾಗಲೂ ಪರ್ಷಿಯನ್ ಬೆಕ್ಕುಗಳಿದ್ದವು. ಅವಕ್ಕೆ ನೆಟ್ಟಗೆ ಮೂಗಿತ್ತು. ಆಮೇಲೆ ಸ್ಪರ್ಧೆಗೆಂದು, ಚಂದಕ್ಕೆಂದು, ಮೂಗು ಚಿಕ್ಕದಾದದ್ದನ್ನೇ ಆರಿಸಿ ಆರಿಸಿ ಜೊತೆಗೂಡಿಸಿ ಮುಖವನ್ನು ತಟ್ಟೆಯಷ್ಟು ಚಪ್ಪಟೆ ಮಾಡಿದರು. ಕಣ್ಣೀರು ಮೂಗಿಗೆ ಇಳಿಯುವ ನಾಳ ಸೊಟ್ಟಗಾಗಿ ನೀರು ಕೆನ್ನೆ ಮೇಲೆ ಹರಿಯುತ್ತದೆ, ಉಸಿರು ಗೊರಗುಟ್ಟುತ್ತದೆ. ನಮ್ಮ ಕಡೆಯ ವ್ಯಾಪಾರಿಗಳು ಇದನ್ನು 'ಪಂಚ್ ಫೇಸ್' ಎಂದು ಕರೆದು ಹೆಚ್ಚಿನ ದುಡ್ಡಿಗೆ ಮಾರುತ್ತಾರೆ. ಗುದ್ದಿಸಿಕೊಂಡ ಮುಖ! ಹೆಸರಿಟ್ಟವನಿಗೆ ತಾನೇನು ಹೇಳುತ್ತಿದ್ದೇನೆಂದು ಹೊಳೆಯಿತೋ ಇಲ್ಲವೋ. ಸ್ಕಾಟ್ಲೆಂಡಿನ ಒಂದು ಹಳ್ಳಿಮನೆಯಲ್ಲಿ 1961ರಲ್ಲಿ ಸಿಕ್ಕ ಸೂಸಿ ಎಂಬ ಬಿಳಿ ಬೆಕ್ಕಿಗೆ ಕಿವಿ ಮುಂದಕ್ಕೆ ಮಡಿಚಿತ್ತು. ಮುದ್ದಾಗಿದೆಯೆಂದು ಅದರಿಂದ ಒಂದು ತಳಿಯನ್ನೇ ಬೆಳೆಸಿದರು. ಕಿವಿ ಮಡಿಚುವ ಆ ದೋಷವೇ ಕಾಲಿನ ಕೀಲುಗಳನ್ನೂ ಕೆಡಿಸುತ್ತದೆ.

ದೇವರು ತಾವು ಸೃಷ್ಟಿಸಿದ್ದನ್ನೆಲ್ಲ ನೋಡಿ ಚೆನ್ನಾಗಿದೆ ಎಂದುಕೊಂಡರೆಂದು ಆದಿಕಾಂಡದಲ್ಲಿ ಓದುತ್ತೇವೆ. ಈ ಮುಖವನ್ನು ಆ ಪಟ್ಟಿಗೆ ಸೇರಿಸಲು ನಮಗೆ ಧೈರ್ಯವಿಲ್ಲ. ಬೆಕ್ಕು ದೇವರದು, ಮುಖ ನಮ್ಮದು. ಪಾಪನಿವೇದನೆಗೆ ಮಕ್ಕಳನ್ನು ತಯಾರು ಮಾಡುವಾಗ, ಕದ್ದದ್ದಕ್ಕೆ ಪಶ್ಚಾತ್ತಾಪಪಟ್ಟರೆ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು ಎಂದು ಕಲಿಸುತ್ತೇವೆ. ಈ ಬೆಕ್ಕಿನ ಉಸಿರನ್ನು ಕದ್ದವರು ಯಾರು? ನಾವಲ್ಲ, ನಿಜ. ನಾವು ಮರಿ ಮಾಡಿಸಿದವರಲ್ಲ, ಕೊಂಡವರಲ್ಲ. ಆದರೆ ಅಪ್ಪ ಮಾಡಿದ ಸಾಲವನ್ನು ಮಗ ತೀರಿಸುವುದಿಲ್ಲವೇ? ಅಂಥ ಬೆಕ್ಕಿನ ಫೋಟೋ ಫೋನಿನಲ್ಲಿ ಬಂದರೆ ನಮ್ಮ ಮನೆಯಲ್ಲೂ ಎಲ್ಲರೂ 'ಎಷ್ಟು ಮುದ್ದು' ಎಂದವರೇ. ಸಂತೆಯಲ್ಲಿ ಬೆಲೆ ಏರುವುದು ಅಂಥ ಮಾತಿನಿಂದಲೇ. ಆದ್ದರಿಂದ ಇದನ್ನು ದಯೆ ಎಂದು ಹೇಳಿಕೊಳ್ಳಲು ನಮಗೆ ಇಷ್ಟವಿಲ್ಲ.

ಕೆಲವರು ಕೇಳಿದರು: ಬೀದಿಯಲ್ಲಿ ಆರೋಗ್ಯವಾದ ನಾಟಿ ಮರಿಗಳು ಬೇಕಾದಷ್ಟಿರುವಾಗ ರೋಗದ್ದನ್ನೇ ಯಾಕೆ ತಂದಿರಿ? ನ್ಯಾಯವಾದ ಪ್ರಶ್ನೆ. ನಾಟಿ ಬೆಕ್ಕು ಇಲಿ ಹಿಡಿದು, ಗೋಡೆ ಹಾರಿ, ಹೇಗೋ ಬದುಕುತ್ತದೆ. ಈ ಕೂದಲು, ಈ ಮೂಗು ಹೊತ್ತ ಪ್ರಾಣಿ ಬೀದಿಯಲ್ಲಿ ಬಹಳ ದಿನ ಬಾಳುವುದಿಲ್ಲ. ಮನುಷ್ಯರ ಮನೆಯೊಳಗೆ ಮಾತ್ರ ಬದುಕುವಂತೆ ಮಾಡಿ ಆಮೇಲೆ ಮನೆಯಿಂದ ಹೊರಗೆ ಹಾಕಿದ್ದಾರೆ. ಇನ್ನೊಂದು ಮಾತನ್ನೂ ಹೇಳಬೇಕು: ಇದನ್ನು ಓದಿ ಯಾರೂ ಅಂಗಡಿಯಿಂದ ಕೊಂಡು ತರಬೇಡಿ. ಅಲ್ಲಿ ಕೊಟ್ಟ ಹಣ ಇನ್ನೊಂದು ಹೆಣ್ಣು ಬೆಕ್ಕನ್ನು ಮರಿಗೆ ಬಿಡಿಸುತ್ತದೆ. ಮುದ್ದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಮೇಲೆಯೇ ಆಶ್ರಯಧಾಮದವರು ಕೊಟ್ಟದ್ದು.

ಇನ್ನು ಅಕ್ಕನ ಪ್ರಶ್ನೆ. ಧರ್ಮಸಭೆ ಇದಕ್ಕೆ ನೇರವಾಗಿಯೇ ಉತ್ತರಿಸಿದೆ. ಕಥೋಲಿಕ ಧರ್ಮೋಪದೇಶದ 2418ನೆಯ ಪರಿಚ್ಛೇದದಲ್ಲಿ ಎರಡು ಮಾತು ಅಕ್ಕಪಕ್ಕದಲ್ಲಿವೆ. ಪ್ರಾಣಿಗಳನ್ನು ಸುಮ್ಮನೆ ನೋಯಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂಬುದು ಒಂದು. ಮನುಷ್ಯರ ಕಷ್ಟ ನೀಗಿಸಲು ಮೊದಲು ಹೋಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ ಎಂಬುದು ಇನ್ನೊಂದು. ಪ್ರಾಣಿಗಳನ್ನು ಪ್ರೀತಿಸಬಹುದು, ಆದರೆ ಮನುಷ್ಯರಿಗಷ್ಟೇ ಸಲ್ಲುವ ಮಮತೆಯನ್ನು ಅವಕ್ಕೆ ಕೊಡಬಾರದು. ಮೊದಲ ಮಾತನ್ನು ಓದಿ ನಮಗೆ ಸಮಾಧಾನವಾಯಿತು, ಎರಡನೆಯದನ್ನು ಓದಿ ಪುಸ್ತಕ ಮುಚ್ಚಿದೆವು. ಪೋಪ್ ಫ್ರಾನ್ಸಿಸ್ ಅವರು 2022ರ ಜನವರಿ 5ರಂದು, ಮಕ್ಕಳು ಬೇಡವೆಂದು ನಾಯಿ ಬೆಕ್ಕು ಸಾಕುವವರ ಬಗ್ಗೆ ಕಟುವಾಗಿಯೇ ಮಾತಾಡಿದ್ದರು. ಅಂದು ಅವರು ಬೋಧಿಸುತ್ತಿದ್ದುದು ಯೇಸುವಿನ ಸಾಕುತಂದೆ ಸಂತ ಜೋಸೆಫರ ಕುರಿತು. ಅನಾಥ ಮಕ್ಕಳನ್ನು ದತ್ತು ತೆಗೆದುಕೊಳ್ಳಲು ಹಿಂಜರಿಯಬೇಡಿ ಎಂದೂ ಕೇಳಿಕೊಂಡಿದ್ದರು. ಪತ್ರಿಕೆಗಳಲ್ಲಿ ಬೆಕ್ಕಿನ ಮಾತೇ ದೊಡ್ಡದಾಯಿತು, ದತ್ತಿನ ಮಾತು ಮೂಲೆಗೆ ಸೇರಿತು.

ಬೈಬಲಿನಲ್ಲಿ ಬೆಕ್ಕನ್ನು ಹುಡುಕಿದೆವು. ನಮ್ಮ ಕಥೋಲಿಕ ಬೈಬಲಿನಲ್ಲಿ ಒಂದೇ ಕಡೆ ಸಿಕ್ಕಿತು, ಬಾರೂಕನ ಗ್ರಂಥದ ಕೊನೆಯ ಅಧ್ಯಾಯದಲ್ಲಿ. ಅಲ್ಲಿ ಅದು ಸುಳ್ಳುದೇವರ ವಿಗ್ರಹದ ಮೇಲೆ ಹತ್ತಿ ಕೂತಿರುತ್ತದೆ, ಪಾಪ, ಅಷ್ಟೇ ಅದರ ಪಾತ್ರ. ಆದರೆ ನಾತಾನ ಪ್ರವಾದಿ ದಾವೀದನಿಗೆ ಹೇಳಿದ ಕಥೆ ನೆನಪಾಯಿತು. ಬಡವನೊಬ್ಬ ಒಂದೇ ಒಂದು ಕುರಿಮರಿಯನ್ನು ತನ್ನ ತಟ್ಟೆಯಲ್ಲೇ ಉಣ್ಣಿಸಿ, ತನ್ನ ಬಟ್ಟಲಲ್ಲೇ ಕುಡಿಸಿ, ಮಗಳಂತೆ ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದ. ಪ್ರವಾದಿ ಆ ಪ್ರೀತಿಯನ್ನು ನೋಡಿ ನಗಲಿಲ್ಲ. ಆದರೆ ಆ ಕಥೆಯಲ್ಲಿ ಬಯ್ಗುಳ ತಿನ್ನುವವನು ಹಿಂಡು ಹಿಂಡು ಕುರಿಗಳಿದ್ದೂ ಕೊಡಲು ಮನಸ್ಸು ಬಾರದ ಶ್ರೀಮಂತ. ನಾವು ಯಾರ ಜಾಗದಲ್ಲಿದ್ದೇವೆ?

ಮನೆಯ ಲೆಕ್ಕದ ಪುಸ್ತಕ ತೆಗೆದು ನೋಡಿದೆವು. ಬೆಕ್ಕು ಬಂದ ಐದು ತಿಂಗಳಲ್ಲಿ ಸ್ಕ್ಯಾನು, ರಕ್ತಪರೀಕ್ಷೆ, ಔಷಧಿ, ಕಿಡ್ನಿಗೆಂದು ಬೇರೆಯೇ ಬರುವ ಆಹಾರ, ಎಲ್ಲ ಬರೆದಿತ್ತು. ಅಕ್ಕನ ಮನೆಗೆ ಕೊಟ್ಟದ್ದು ಏನೂ ಇರಲಿಲ್ಲ. ನಾಚಿಕೆಯಾಯಿತು. ಸರಿ, ಬೆಕ್ಕು ಅವರ ಪಾಲು ತಿಂದಿತು ಎಂದುಕೊಂಡು, ಬೆಕ್ಕು ಬರುವ ಮುಂಚಿನ ಪುಟಗಳನ್ನೂ ತಿರುವಿದೆವು. ಅವರ ಯಜಮಾನರಿಗೆ ಡಯಾಲಿಸಿಸ್ ಶುರುವಾಗಿ ಆಗಲೇ ಒಂದು ವರ್ಷವಾಗಿತ್ತು. ಆ ಒಂದು ವರ್ಷದ ಪುಟಗಳಲ್ಲೂ ಏನೂ ಇರಲಿಲ್ಲ. ಬೆಕ್ಕು ಇಲ್ಲದಾಗಲೂ ನಾವು ಕೊಟ್ಟಿರಲಿಲ್ಲ. ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಡಬ್ಬಿಗೆ ತಿಂಗಳಿಗೊಮ್ಮೆ ಹಾಕಿದ ನೋಟೇ ಸಾಕೆಂದುಕೊಂಡಿದ್ದೆವು.

ನಮ್ಮ ಜಗಳ ಇಷ್ಟು ದಿನ ಬೆಕ್ಕಿನ ಖರ್ಚಿನ ಬಗ್ಗೆ ಇತ್ತು. ಅದನ್ನು ಮನೆಯಿಂದ ಕಳಿಸಿದರೂ ಆ ಖಾಲಿ ಪುಟ ತುಂಬುತ್ತಿರಲಿಲ್ಲ ಎಂಬುದು ಆಗ ಕಂಡಿತು. ಹಾಗೆಂದು ಧರ್ಮೋಪದೇಶದ ಎರಡನೆಯ ಮಾತಿನಿಂದ ನಾವು ತಪ್ಪಿಸಿಕೊಳ್ಳುವಂತಿಲ್ಲ. ಒಂದು ಮಿತಿ ಹಾಕಿಕೊಂಡೆವು: ಮುದ್ದಿಗೆ ನೋವು ಕಡಿಮೆಯಾಗುವುದಕ್ಕೆ ಬೇಕಾದದ್ದು ಮಾಡುತ್ತೇವೆ, ಆಯುಸ್ಸು ಎಳೆಯಲು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಿಗೆ ಸುತ್ತುವುದಿಲ್ಲ. ಕೊನೆಗೆ ನರಳಾಟ ಬಂದರೆ ವೈದ್ಯರು ಸೂಜಿ ಕೊಟ್ಟು ನಿಲ್ಲಿಸಲಿ. ಮನುಷ್ಯನಿಗೆ ಒಪ್ಪದ ದಾರಿ ಪ್ರಾಣಿಗೆ ಸಲ್ಲುತ್ತದೆಂದು ನಮ್ಮ ಗುರುಗಳೂ ಹೇಳಿದರು. ಅಕ್ಕನ ಮನೆಗೆ ಡಯಾಲಿಸಿಸ್ ದಿನಗಳ ಪ್ರಯಾಣದ ಖರ್ಚನ್ನು ಪ್ರತಿ ತಿಂಗಳ ಒಂದನೇ ತಾರೀಕು ಕೊಡುತ್ತೇವೆ, ಬೆಕ್ಕಿನ ಔಷಧಿ ತರುವುದಕ್ಕೆ ಮುಂಚೆ. ಈ ಮಿತಿ ಸರಿಯೋ ತಪ್ಪೋ, ಇನ್ನೂ ಹೆಚ್ಚು ಕೊಡಬೇಕಿತ್ತೋ ಎಂಬ ಅಳುಕು ಇದ್ದೇ ಇದೆ.

ಕಷ್ಟವೆಂದರೆ ದಿನನಿತ್ಯದ ಕೆಲಸ. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಕಣ್ಣೊರೆಸಬೇಕು. ಕೂದಲು ದಿನವೂ ಬಾಚದಿದ್ದರೆ ಗಂಟುಕಟ್ಟಿ ಚರ್ಮ ಎಳೆಯುತ್ತದೆ. ವಾರಕ್ಕೆರಡು ದಿನ ಚರ್ಮದಡಿಗೆ ಸೂಜಿಯಲ್ಲಿ ಗ್ಲೂಕೋಸ್ ಬಾಟಲಿಯಂಥದೇ ದ್ರವ ಇಳಿಸುವುದನ್ನು ಪಶುವೈದ್ಯರು ಕಲಿಸಿದ್ದಾರೆ. ದೇವಾಲಯದ ಅಲಂಕಾರದ ಲಿಲ್ಲಿ ಹೂವನ್ನು ಪಾಸ್ಕ ಹಬ್ಬದ ಮಾರನೆಯ ದಿನ ಮನೆಗೆ ತರುವ ರೂಢಿಯನ್ನು ಬಿಟ್ಟೆವು. ಲಿಲ್ಲಿಯ ಎಲೆ, ಪರಾಗ, ಹೂದಾನಿಯ ನೀರೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಸಂತ ಜೋಸೆಫರ ಪ್ರತಿಮೆಯ ಮುಂದೆ ಈಗ ಮಲ್ಲಿಗೆ. ಬೆಕ್ಕು ಸಾಕುವವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ಹೋದ ವಾರ ಅಕ್ಕ ನಮ್ಮ ಮನೆಗೆ ಬಂದಿದ್ದರು. ಮುದ್ದಿ ಅಡುಗೆಮನೆಯ ಬಾಗಿಲಲ್ಲಿ ಗೊರಗುಟ್ಟುತ್ತಾ ಮಲಗಿತ್ತು. ಅದರ ಸುತ್ತ ಮೂರು ಬಟ್ಟಲುಗಳಲ್ಲಿ ನೀರು. ಯಾಕಿಷ್ಟು ಎಂದು ಕೇಳಿದರು. ಹೆಚ್ಚು ಕುಡಿಯಬೇಕಂತೆ ಅಕ್ಕ, ಒಂದನ್ನು ಬಿಟ್ಟರೆ ಇನ್ನೊಂದರಲ್ಲಾದರೂ ಬಾಯಿ ಹಾಕಲಿ ಅಂತ, ಎಂದೆವು. ಅಕ್ಕ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. "ನಮ್ಮೋರಿಗೆ ಲೋಟ ಅಳೆದು ಕೊಡ್ತೀನಿ. ಬಾಯಾರಿಕೆ ಬಾಯಾರಿಕೆ ಅಂತಾರೆ, ಕೊಡೋ ಹಾಗಿಲ್ಲ. ಇದಕ್ಕೆ ನೋಡಿದ್ರೆ ಬೇಡ್ಕೊಂಡು ಕುಡಿಸ್ಬೇಕು" ಎಂದರು. ಆಮೇಲೆ ಕೆಳಗೆ ಕೂತು ಒಂದು ಬಟ್ಟಲನ್ನು ಅದರ ಮೂಗಿನ ಹತ್ತಿರಕ್ಕೆ ಸರಿಸಿದರು. ಮುದ್ದಿ ಮೂಸಿ ನೋಡಿ ಮುಖ ತಿರುಗಿಸಿತು. ಅಕ್ಕ ನಕ್ಕು ಎರಡನೆಯ ಬಟ್ಟಲನ್ನು ಸರಿಸಿದರು.