ಪಲ್ಲಕ್ಕಿಗೆ ಒಂದು ಹೆಗಲು ಸಾಲದು



ಪ್ಲೆಸೆಂಟನ್‌ನಲ್ಲಿ ಒಂದು ಶನಿವಾರ ಭಜನೆ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬರು ಹಾಗೇ ಕುಳಿತಿದ್ದರು. ಐವತ್ತು ದಾಟಿದ ವಯಸ್ಸು. "ಅಮ್ಮನಿಗೆ ಮರೆವು. ರಾತ್ರಿ ಮೂರು ಗಂಟೆಗೆ ಎದ್ದು ಊರಿಗೆ ಹೋಗಬೇಕು, ಬಾಗಿಲು ತೆಗಿ ಅಂತಾರೆ. ನಿನ್ನೆ ತಾಳ್ಮೆ ತಪ್ಪಿ ಕೂಗಾಡಿಬಿಟ್ಟೆ. ಹೆದರಿ ಮೂಲೆಯಲ್ಲಿ ಮುದುಡಿ ಕೂತರು. ಈ ಪಾಪಕ್ಕೆ ಯಾವ ಪೂಜೆ ಮಾಡಿಸಲಿ?" ಎಂದು ಕೇಳಿದರು.

"ಈಗ ಅಮ್ಮನ ಜೊತೆ ಯಾರಿದ್ದಾರೆ?" ಎಂದೆ. "ನನ್ನ ಹೆಂಡತಿ. ನಾವಿಬ್ಬರೂ ಒಟ್ಟಿಗೆ ಹೊರಗೆ ಬಂದು ಎರಡು ವರ್ಷವಾಯಿತು." "ಈ ವಿಷಯ ಯಾರಿಗಾದರೂ ಹೇಳಿದ್ದೀರಾ?" "ಇಲ್ಲ. ಹೆತ್ತ ತಾಯಿಯನ್ನು ನೋಡಿಕೊಳ್ಳಲಾರ ಅಂತ ಜನ ಆಡಿಕೊಳ್ಳುವುದಿಲ್ಲವೇ?"

ಈ ಮಾತು ನಮ್ಮಲ್ಲಿ ಅನೇಕರ ಮನಸ್ಸಿನ ಮಾತು. ಮಾತೃಸೇವೆ ಎಂದರೆ ನಮಗೆ ನೆನಪಾಗುವವನು ಶ್ರವಣಕುಮಾರ. ಕುರುಡು ತಂದೆ ತಾಯಿಯರನ್ನು ಕಾವಡಿಯಲ್ಲಿ ಹೊತ್ತು ತೀರ್ಥಯಾತ್ರೆ ಮಾಡಿಸಿದ ಮಗ. ಅವನ ಭಕ್ತಿ ದೊಡ್ಡದು, ಸಂದೇಹವಿಲ್ಲ. ಆದರೆ ಕಥೆಯ ಕೊನೆಯನ್ನೂ ನೆನೆಯೋಣ. ರಾತ್ರಿ ನೀರು ತರಲು ಹೋದವನಿಗೆ ದಶರಥನ ಬಾಣ ತಗುಲಿತು. ಸಾಯುವಾಗಲೂ ಅವನಿಗಿದ್ದದ್ದು ತನ್ನ ನೋವಲ್ಲ, ತನ್ನನ್ನೇ ನಂಬಿ ಕುಳಿತ ಇಬ್ಬರ ಚಿಂತೆ. ಅವರಿಗೆ ಬೇರೆ ಯಾರೂ ಇರಲಿಲ್ಲ. ಮಗ ಹೋದ ಮೇಲೆ ಅವರೂ ಉಳಿಯಲಿಲ್ಲ. ಒಂದೇ ಹೆಗಲ ಮೇಲೆ ಎಲ್ಲ ಭಾರವೂ ಇದ್ದರೆ, ಆ ಹೆಗಲು ಕುಸಿದಾಗ ಹೊತ್ತವನೂ ಬೀಳುತ್ತಾನೆ, ಕುಳಿತವರೂ ಬೀಳುತ್ತಾರೆ.

ತಾಯಿ ತಂದೆಯರನ್ನು ದೇವರೆಂದು ಕಾಣು ಎಂಬುದು ತೈತ್ತಿರೀಯ ಉಪನಿಷತ್ತಿನ ಉಪದೇಶ. ಸರಿ, ದೇವರನ್ನು ನಾವು ಹೇಗೆ ಹೊರುತ್ತೇವೆ? ಉತ್ಸವದ ದಿನ ಪಲ್ಲಕ್ಕಿಗೆ ಮುಂದೆ ಹಿಂದೆ ಹೆಗಲು ಕೊಡುತ್ತೇವೆ. ಒಬ್ಬರು ದಣಿದರೆ ಇನ್ನೊಬ್ಬರು ಬಂದು ಹೆಗಲು ಬದಲಿಸುತ್ತಾರೆ. ದಣಿದವನನ್ನು ಭಕ್ತಿಹೀನ ಎಂದು ಯಾರೂ ಅನ್ನುವುದಿಲ್ಲ. ಮನೆಯ ದೇವರಿಗೆ ಮಾತ್ರ ಒಂದೇ ಹೆಗಲು ಏಕೆ?

ಊರಿನಲ್ಲಾಗಿದ್ದರೆ ಅಕ್ಕಪಕ್ಕದವರು, ಅತ್ತಿಗೆ, ಚಿಕ್ಕಮ್ಮ ಇರುತ್ತಿದ್ದರು. ಇಲ್ಲಿ ಆ ಹೆಗಲುಗಳನ್ನು ನಾವೇ ಹುಡುಕಿಕೊಳ್ಳಬೇಕು. ಅವು ಇಲ್ಲದೆ ಇಲ್ಲ. ಉದ್ಯೋಗದಲ್ಲಿರುವವರು ಕಾಯಿಲೆಯ ತಂದೆ ತಾಯಿಯರನ್ನು ನೋಡಿಕೊಳ್ಳಲು ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಪೇಯ್ಡ್ ಫ್ಯಾಮಿಲಿ ಲೀವ್ ಇದೆ. 2020ರ ಜುಲೈಯಿಂದ ಇದು 8 ವಾರಗಳವರೆಗೆ ಸಿಗುತ್ತದೆ. ಹಿರಿಯರಿಗೆ ಮೆಡಿ-ಕ್ಯಾಲ್ ಇದ್ದರೆ, ಮನೆಗೇ ಬಂದು ಸ್ನಾನ, ಊಟ ನೋಡಿಕೊಳ್ಳುವವರಿಗಾಗಿ ಕೌಂಟಿಯ ಐಎಚ್ಎಸ್ಎಸ್ ಯೋಜನೆಗೆ ಅರ್ಜಿ ಹಾಕಬಹುದು. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಫ್ಯಾಮಿಲಿ ಕೇರ್‌ಗಿವರ್ ಅಲಯನ್ಸ್ ಸಂಸ್ಥೆ ಆರೈಕೆ ಮಾಡುವವರಿಗೇ ಸಲಹೆ, ಸಾಂತ್ವನ ನೀಡುತ್ತದೆ. ನಮ್ಮೂರಿನ ಸುನೋಲ್ ಬುಲೆವಾರ್ಡ್‌ನಲ್ಲಿ ಸೀನಿಯರ್ ಸೆಂಟರ್ ಇದೆ. ಅಲ್ಲಿ ಹೋಗಿ ವಿಚಾರಿಸುವುದೇ ಒಳ್ಳೆಯ ಆರಂಭ.

ಆ ಮಹನೀಯರಿಗೆ ನಾನು ಹೇಳಿದ್ದು ಇಷ್ಟೇ: "ಪೂಜೆ ಮಾಡಿಸಿ, ಬೇಡವೆನ್ನುವುದಿಲ್ಲ. ಆದರೆ ನಿಜವಾದ ಪ್ರಾಯಶ್ಚಿತ್ತ, ಇಂದು ಒಬ್ಬರಿಗಾದರೂ ನಿಮ್ಮ ಕಷ್ಟ ಹೇಳಿಕೊಳ್ಳುವುದು." ಈಗ ಭಜನೆಯ ಎರಡು ಮನೆಯವರು ಸರದಿಯಂತೆ ಶನಿವಾರ ಮಧ್ಯಾಹ್ನ ಅಮ್ಮನ ಜೊತೆ ಕೂರುತ್ತಾರೆ. ಕನ್ನಡದಲ್ಲಿ ಮಾತಾಡುತ್ತಾರೆ, ಹಳೆಯ ದೇವರನಾಮ ಹೇಳಿಸುತ್ತಾರೆ. ಅಮ್ಮ ಈಗಲೂ ರಾತ್ರಿ ಎದ್ದು ಊರಿಗೆ ಹೊರಡುತ್ತಾರೆ. ಮಗ ಈಗ ದೀಪ ಹಾಕಿ, "ಬೆಳಗಾಗಲಿ ಅಮ್ಮ, ಹೋಗೋಣ" ಎಂದು ಕೈ ಹಿಡಿದು ಕೂರುತ್ತಾರಂತೆ.

ಬಂಧುಗಳೇ, ಇಂಥ ಮನೆ ನಿಮಗೆ ಗೊತ್ತಿದ್ದರೆ "ಏನಾದರೂ ಬೇಕಾದರೆ ಹೇಳಿ" ಎಂದಷ್ಟೇ ಹೇಳಿ ಬರಬೇಡಿ. "ಶನಿವಾರ ಎರಡು ಗಂಟೆಗೆ ಬರುತ್ತೇನೆ, ನೀವು ಹೊರಗೆ ಹೋಗಿ ಬನ್ನಿ" ಎನ್ನಿ. ಅದೂ ಪಲ್ಲಕ್ಕಿ ಸೇವೆಯೇ. ಕೇಳುವ ವಿನಯವನ್ನೂ ಹೆಗಲು ಕೊಡುವ ಮನಸ್ಸನ್ನೂ ಭಗವಂತ ನಮಗೆಲ್ಲರಿಗೂ ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.

ಶುಭಂ.