ಬೆಂಕಿ ನಮ್ಮದು, ಹೊಗೆ ಯಾರದು?

ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಉತ್ತರ ಭಾಗದಲ್ಲಿ, ಟೇಮರ್ ನದಿಯ ಕಣಿವೆಯಲ್ಲಿ ಲಾನ್‌ಸೆಸ್ಟನ್ ಎಂಬ ಊರಿದೆ. ಚಳಿಗಾಲದ ರಾತ್ರಿ ಅಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳಕ್ಕಿಳಿದು ಕೂರುತ್ತದೆ; ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದಂತೆ ಕವಿದುಕೊಳ್ಳುತ್ತದೆ. ಮನೆಮನೆಯ ಕಟ್ಟಿಗೆ ಒಲೆಯಿಂದ ಎದ್ದ ಹೊಗೆಗೆ ಮೇಲೆ ಹೋಗಲು ದಾರಿಯಿಲ್ಲ. ಅದು ಬೀದಿಯಲ್ಲೇ ಸುಳಿದು, ಕಿಟಕಿಯ ಸಂದಿಯಿಂದ ಮತ್ತೆ ಯಾರದೋ ಮನೆಯೊಳಗೆ ನುಗ್ಗುತ್ತದೆ. 2001ರಲ್ಲಿ ಅಲ್ಲಿನ ಸರ್ಕಾರ, ಕಟ್ಟಿಗೆ ಒಲೆ ತೆಗೆಸಿ ವಿದ್ಯುತ್ ಹೀಟರ್ ಹಾಕಿಸಿಕೊಳ್ಳುವವರಿಗೆ ನೆರವಾಗುವ ಕಾರ್ಯಕ್ರಮ ಶುರುಮಾಡಿತು. ಅದಕ್ಕೆ ಮೊದಲು ಊರಿನ ನೂರಕ್ಕೆ 66 ಮನೆಗಳು ಸೌದೆಯ ಬೆಂಕಿಯಿಂದ ಬೆಚ್ಚಗಿರುತ್ತಿದ್ದವು. 2004ರ ಹೊತ್ತಿಗೆ ಅವು 30ಕ್ಕೆ ಇಳಿದವು. ಚಳಿಗಾಲದಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸರಾಸರಿ 44 ಮೈಕ್ರೊಗ್ರಾಂ ಇದ್ದ ಕಣಗಳ ಪ್ರಮಾಣ 27ಕ್ಕೆ ಬಂತು. ಆಮೇಲೆ ಸಂಶೋಧಕರು ಸಾವಿನ ದಾಖಲೆಗಳನ್ನು ತೆಗೆದು ನೋಡಿದರು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೊಗೆ ಕಡಿಮೆಯಾದ ವರ್ಷಗಳಲ್ಲಿ ಗಂಡಸರ ಸಾವಿನ ಪ್ರಮಾಣ ಸುಮಾರು ಶೇ 11ರಷ್ಟು ತಗ್ಗಿತ್ತು. ಇಂಥ ಕಾರ್ಯಕ್ರಮ ನಡೆಯದ ಹೋಬರ್ಟ್ ನಗರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಒಲೆ ಹಚ್ಚಿದವರಲ್ಲಿ ಯಾರೂ ಕೆಟ್ಟವರಲ್ಲ. ಮಕ್ಕಳು ಬೆಚ್ಚಗಿರಲಿ, ವಯಸ್ಸಾದ ತಾಯಿಯ ಕೈಕಾಲು ಮರಗಟ್ಟದಿರಲಿ ಎಂದು ಸಂಜೆ ಹೊತ್ತು ನಾಲ್ಕು ತುಂಡು ಸೌದೆ ಒಟ್ಟಿದವರು ಅವರು. ಹಾಗಿದ್ದೂ ಆ ಬೆಂಕಿ ಇನ್ನೊಬ್ಬರ ಆಯುಸ್ಸನ್ನು ತಿಂದಿದೆ. ಮನೆಯ ಬೆಂಕಿಯನ್ನು ಪೂಜ್ಯವೆಂದು ತಿಳಿದು ಬಂದ ಮನುಷ್ಯನಿಗೆ ಇದಕ್ಕಿಂತ ಕಠಿಣವಾದ ಧರ್ಮಪ್ರಶ್ನೆ ಸಿಗುವುದು ಕಷ್ಟ. ಬೆಂಕಿಯ ಮೇಲಿನ ಪ್ರೀತಿ ಬೆಂಕಿ ಹಚ್ಚುವ ಹಕ್ಕನ್ನು ಕೊಡುತ್ತದೆಯೇ?

2012ರಲ್ಲಿ ಅಮೆರಿಕದ ಲೇಖಕ ಸ್ಯಾಮ್ ಹ್ಯಾರಿಸ್ ಈ ವಿಷಯ ಹಿಡಿದು ‘ದ ಫೈರ್‌ಪ್ಲೇಸ್ ಡೆಲ್ಯೂಷನ್’ ಎಂಬ ಪ್ರಬಂಧ ಬರೆದರು. ಹ್ಯಾರಿಸ್ ಕಟ್ಟಾ ನಾಸ್ತಿಕರು. ಅವರ ವಾದ ಇಷ್ಟು: ಸೌದೆಯ ಹೊಗೆ ಆರೋಗ್ಯಕ್ಕೆ ಕೇಡು, ಚಳಿ ಕಳೆಯಲು ಬೇರೆ ಅನುಕೂಲ ಇರುವ ಮನೆಯಲ್ಲಿ ಅದನ್ನು ಉರಿಸಲು ಸಮರ್ಥನೆಯಿಲ್ಲ. ಇದನ್ನು ಹೇಳಿದರೆ ವಿಚಾರವಂತ ಗೆಳೆಯರೂ ಸಿಡುಕುತ್ತಾರೆ, ಪುರಾವೆ ಮುಂದಿಟ್ಟರೂ ಒಪ್ಪುವುದಿಲ್ಲ. ನಂಬಿಕೆಯನ್ನು ಪ್ರಶ್ನಿಸಿದಾಗ ಆಸ್ತಿಕರಿಗೆ ಆಗುವುದೂ ಇದೇ ಎಂದು ಅವರು ಹೋಲಿಸಿದರು. ಹೊಗೆಯ ಬಗ್ಗೆ ಹ್ಯಾರಿಸ್ ಮಾತು ಸರಿ. ಧರ್ಮದ ವಿಷಯದಲ್ಲಿ ಅವರು ಅರ್ಧವನ್ನಷ್ಟೇ ಕಂಡರು. ಬೆಂಕಿಯನ್ನು ಪವಿತ್ರವೆಂದ ಸಂಪ್ರದಾಯಗಳು ಅದನ್ನು ಇಷ್ಟ ಬಂದಂತೆ ಉರಿಸಿ ಎಂದು ಹೇಳಿದ್ದು ಬಹಳ ಕಡಿಮೆ.

ಆ ಸಂಪ್ರದಾಯಗಳಿಗೆ ಬರುವ ಮೊದಲು, ಬೆಂಕಿಯ ಮೇಲಿನ ಪ್ರೀತಿ ಎಂಥದು ಎಂಬುದನ್ನು ನೋಡಬೇಕು. ಅದನ್ನು ಬರೀ ಭ್ರಮೆ ಎಂದು ತಳ್ಳಿಹಾಕಿದರೆ ನ್ಯಾಯವಾಗದು. 1843ರಲ್ಲಿ ಅಮೆರಿಕದ ಕಥೆಗಾರ ನಥಾನಿಯಲ್ ಹಾಥಾರ್ನ್ ‘ಫೈರ್ ವರ್ಷಿಪ್’ ಎಂಬ ಬರಹದಲ್ಲಿ, ಬಾಯ್ತೆರೆದ ಅಗ್ಗಿಷ್ಟಿಕೆಯ ಜಾಗಕ್ಕೆ ಕಬ್ಬಿಣದ ಒಲೆ ಬಂದದ್ದಕ್ಕೆ ಮರುಗಿದ. ಜ್ವಾಲೆ ಕಣ್ಣಿಗೆ ಬೀಳದ ಮನೆಯಲ್ಲಿ ಜನ ಒಂದೆಡೆ ಕೂಡಿ ಮಾತಾಡುವುದು ನಿಲ್ಲುತ್ತದೆ ಎಂಬುದು ಅವನ ಆತಂಕ. ಅವನಿದ್ದ ಕಾಂಕರ್ಡ್ ಊರಿನವನೇ ಆದ ಲೇಖಕ ಥೋರೊ, ವಾಲ್ಡನ್ ಕೊಳದ ಪಕ್ಕದ ಗುಡಿಸಲಿನಲ್ಲಿ ಎರಡನೇ ಚಳಿಗಾಲಕ್ಕೆ ಸೌದೆ ಉಳಿಸಲು ಚಿಕ್ಕದೊಂದು ಒಲೆ ತಂದಿಟ್ಟುಕೊಂಡ. ಜೊತೆಗಾರನನ್ನು ಕಳೆದುಕೊಂಡಂತಾಯಿತು ಎಂದು 1854ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಇವರ ಕೊರಗಿಗೆ ಪರಿಹಾರ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಂದಿನ ಒಲೆಯ ಬಾಗಿಲಿಗೆ ಶಾಖ ತಡೆಯುವ ಸೆರಾಮಿಕ್ ಗಾಜು ಇರುತ್ತದೆ, ಬೆಂಕಿ ಪೂರ್ತಿ ಕಾಣುತ್ತದೆ.

1984ರಲ್ಲಿ ಆಲ್ಬರ್ಟ್ ಬೋರ್ಗ್‌ಮನ್ ಎಂಬ ತತ್ವಶಾಸ್ತ್ರಜ್ಞ ಈ ಕೊರಗನ್ನೇ ತಂತ್ರಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡರು. ಗೋಡೆಯ ಗುಂಡಿ ಒತ್ತಿದರೆ ಇಡೀ ಮನೆ ಬೆಚ್ಚಗಾಗುತ್ತದೆ. ಅಲ್ಲಿ ಶಾಖವೊಂದೇ ಸರಕು, ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕಟ್ಟಿಗೆ ಒಲೆಯ ಮನೆಯಲ್ಲಿ ಒಬ್ಬರು ಸೌದೆ ಸೀಳಬೇಕು, ಒಬ್ಬರು ತಂದು ಪೇರಿಸಬೇಕು, ಬೆಳಿಗ್ಗೆ ಎದ್ದು ಬೆಂಕಿ ಹೊತ್ತಿಸಬೇಕು. ಕೆಲಸ ಹಂಚಿಕೊಂಡ ಮನೆಯವರು ಒಂದೆಡೆ ಸೇರುತ್ತಾರೆ, ಋತು ಬದಲಾಗುವುದು ಮೈಗೆ ತಿಳಿಯುತ್ತದೆ. ಅಮೆರಿಕದ ಸಾಂಪ್ರದಾಯಿಕ ಆಮಿಷ್ ಪಂಗಡದವರು ಎಲ್ಲ ಕೋಣೆಗೂ ಶಾಖ ಹಾಯಿಸುವ ವ್ಯವಸ್ಥೆಯನ್ನು ಬಹುಮಟ್ಟಿಗೆ ದೂರವಿಟ್ಟದ್ದಕ್ಕೂ ಇಂಥದೇ ಕಾರಣವಿದೆ. ಕೋಣೆ ಕೋಣೆಯೂ ಬೆಚ್ಚಗಾದರೆ ಮನೆಮಂದಿ ಚದುರಿಹೋಗುತ್ತಾರೆ ಎಂಬ ಎಚ್ಚರ ಅವರದು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸಿ, ಜಡಿಮಳೆಯ ಸಂಜೆ ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ನಾರ್ವೆಯ ಸರ್ಕಾರಿ ಟಿ.ವಿ. 2013ರ ಫೆಬ್ರವರಿಯಲ್ಲಿ ಸೌದೆಯ ಬಗ್ಗೆ 12 ಗಂಟೆಗಳ ಕಾರ್ಯಕ್ರಮ ಪ್ರಸಾರ ಮಾಡಿತು. ಅದರಲ್ಲಿ 8 ಗಂಟೆ ಬರೀ ಒಂದು ಬೆಂಕಿ ಉರಿಯುವುದನ್ನೇ ತೋರಿಸಿದರು. ಸೌದೆ ಪೇರಿಸುವಾಗ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂದು ನೋಡಿದವರು ಜಗಳವಾಡಿದರು. ದಿನವಿಡೀ ಕೈಯಾಡಿಸಿದ ವಸ್ತುವಿನ ಬಗ್ಗೆ ಮಾತ್ರ ಜನ ಅಷ್ಟು ಅಕ್ಕರೆಯಿಂದ ಜಗಳವಾಡುತ್ತಾರೆ.

ಗ್ರೀಕ್ ತತ್ವಜ್ಞಾನಿ ಹೆರಾಕ್ಲಿಟಸ್‌ನನ್ನು ನೋಡಲು ಬಂದವರು, ಅವನು ಒಲೆಯ ಹತ್ತಿರ ಮೈ ಕಾಯಿಸುತ್ತಿದ್ದುದನ್ನು ಕಂಡು ಹೊಸ್ತಿಲಲ್ಲೇ ನಿಂತರಂತೆ. ಒಳಗೆ ಬನ್ನಿ, ದೇವರು ಇಲ್ಲೂ ಇದ್ದಾರೆ ಎಂದು ಅವನು ಕರೆದನೆಂದು ಅರಿಸ್ಟಾಟಲ್ ಹೇಳುತ್ತಾನೆ. ದೇವರು ಒಲೆಯಲ್ಲೂ ಇದ್ದರೆ ಒಲೆಯ ಹತ್ತಿರ ನಡೆದುಕೊಳ್ಳುವುದಕ್ಕೂ ಒಂದು ರೀತಿ ಇರಬೇಕಲ್ಲವೇ?

ಇತ್ತು. ಮನುಸ್ಮೃತಿಯ ನಾಲ್ಕನೇ ಅಧ್ಯಾಯ ಗೃಹಸ್ಥನಿಗೆ ಬೆಂಕಿಯನ್ನು ಬಾಯಿಂದ ಊದಬೇಡ, ಅಶುದ್ಧವಾದದ್ದನ್ನು ಅದಕ್ಕೆ ಹಾಕಬೇಡ, ಅದರಲ್ಲಿ ಕಾಲು ಕಾಯಿಸಬೇಡ ಎಂದು ವಿಧಿಸುತ್ತದೆ. ಆ ಗ್ರಂಥದಲ್ಲಿ ಒಪ್ಪಲಾಗದ್ದು ಬೇಕಾದಷ್ಟಿದೆ. ಈ ಮೂರರಲ್ಲಿ ನಡುವಿನದನ್ನಂತೂ ಇಂದಿನ ಒಲೆ ತಯಾರಕರ ಕೈಪಿಡಿಯೂ ಹೇಳುತ್ತದೆ. ಪ್ಲಾಸ್ಟಿಕ್ಕು, ಬಣ್ಣ ಬಳಿದ ಮರ, ಪ್ಲೈವುಡ್ ಒಲೆಗೆ ಹಾಕಕೂಡದು. ಪಾರ್ಸಿಗಳ ಅಗ್ನಿಮಂದಿರದಲ್ಲಿ ಬೆಂಕಿಗೆ ಕಟ್ಟಿಗೆ ಇಡುವ ಪುರೋಹಿತ ತನ್ನ ಉಸಿರು ತಾಗದಂತೆ ಬಾಯಿಮೂಗಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಗುಜರಾತಿನ ಉದ್ವಾಡಾದಲ್ಲಿ 1742ರಿಂದ ಆರದೆ ಉರಿಯುತ್ತಿರುವ ಅಗ್ನಿಗೂ ದಿನಕ್ಕೆ ಐದು ಹೊತ್ತು ಇದೇ ನಿಯಮದಲ್ಲಿ ಸೇವೆ ಸಲ್ಲುತ್ತದೆ.

ಮಧ್ಯಯುಗದ ಯುರೋಪಿನ ಕ್ರೈಸ್ತ ಮಠಗಳು ಬೆಂಕಿಗೆ ಜಾಗವನ್ನೂ ಕಾಲವನ್ನೂ ಗೊತ್ತುಮಾಡಿದ್ದವು. ಅಡುಗೆಮನೆ, ರೋಗಿಗಳ ಕೋಣೆ ಬಿಟ್ಟರೆ ಸನ್ಯಾಸಿಗಳಿಗೆ ಬೆಂಕಿ ಇದ್ದದ್ದು ಒಂದೇ ಕೋಣೆಯಲ್ಲಿ. ಅದನ್ನು ಹಚ್ಚುತ್ತಿದ್ದುದು ನವೆಂಬರ್ 1ಕ್ಕೆ, ಆರಿಸುತ್ತಿದ್ದುದು ಗುಡ್‌ಫ್ರೈಡೇ ದಿನ. ಹಸ್ತಪ್ರತಿ ಬರೆಯುವ ಕೈ ಮರಗಟ್ಟಿದರೆ ಅಲ್ಲಿಗೆ ಬಂದು ಸ್ವಲ್ಪ ಹೊತ್ತು ನಿಂತು ಹೋಗಬೇಕು. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಫೌಂಟನ್ಸ್ ಮಠದ ಅವಶೇಷಗಳಲ್ಲಿ ಅಂಥ ಕೋಣೆಯ ಭಾರಿ ಅಗ್ಗಿಷ್ಟಿಕೆಯನ್ನು ಇಂದಿಗೂ ನೋಡಬಹುದು.

ಯೆಹೂದಿಗಳಲ್ಲಿ ಈ ಚರ್ಚೆ ಇನ್ನೂ ಆಳಕ್ಕೆ ಹೋಯಿತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಮನೆಯಲ್ಲಿ ಬೆಂಕಿ ಹಚ್ಚಬಾರದು ಎಂದು ಬೈಬಲಿನ ವಿಮೋಚನಕಾಂಡದಲ್ಲಿದೆ. ಕಾರಾಯಿಟ್ ಪಂಗಡದವರು ಅದನ್ನು ಅಕ್ಷರಶಃ ಹಿಡಿದು, ಶುಕ್ರವಾರ ಸಂಜೆಗೇ ಬೆಂಕಿ ಆರಿಸಿ ಕತ್ತಲಲ್ಲಿ, ಚಳಿಯಲ್ಲಿ ಕೂತರು. ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಮೊದಲೇ ಹಚ್ಚಿದ ಬೆಂಕಿ ಉರಿಯಲಿ ಎಂದರು. ಹಿಮ ಬೀಳುವ ದೇಶಗಳಲ್ಲಿ ಅದು ಆರಿಹೋದರೆ? ಅನ್ಯಧರ್ಮೀಯನೊಬ್ಬನಿಂದ ಹಚ್ಚಿಸಬಹುದು, ಏಕೆಂದರೆ ಕೊರೆಯುವ ಚಳಿಯ ಮುಂದೆ ಎಲ್ಲರನ್ನೂ ರೋಗಿಗಳೆಂದೇ ಎಣಿಸಬೇಕು ಎಂಬ ಅಭಿಪ್ರಾಯ 16ನೇ ಶತಮಾನದ ಧರ್ಮಸಂಹಿತೆ ಶುಲ್ಹಾನ್ ಆರುಖ್‌ನಲ್ಲಿ ದಾಖಲಾಗಿದೆ. ಬೆಂಕಿ ಹಚ್ಚುವ ಮುನ್ನ ಅದು ನಿಜವಾಗಿ ಬೇಕೇ ಎಂದು ಕೇಳು. ಬೇಕೇ ಆದರೆ, ದೇಹ ನಡುಗುತ್ತಿದ್ದರೆ, ನಿಯಮವೇ ದಾರಿ ಬಿಡುತ್ತದೆ. ಕಟ್ಟಿಗೆ ಒಲೆಯ ನೀತಿಗೆ ಇದಕ್ಕಿಂತ ಗಟ್ಟಿಯಾದ ಅಡಿಪಾಯ ಬೇಕಿಲ್ಲ.

ಹೊಸ ಕಾಲದ ಒಲೆ ಒಂದರ್ಥದಲ್ಲಿ ಈ ನಿಯಮಗಳನ್ನೇ ಎರಕದ ಕಬ್ಬಿಣದಲ್ಲಿ ಕಟ್ಟಿಕೊಟ್ಟಿದೆ. ಹೊಗೆ ಎಂದರೆ ಉರಿಯದೆ ಹೋದ ಸೌದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರಬಹುದು. ಅದನ್ನು ಆವಿ ಮಾಡುವುದರಲ್ಲೇ ಸಾಕಷ್ಟು ಶಾಖ ಖರ್ಚಾಗಿ, ಒಲೆ ಕಾಯದೆ ಸುಮ್ಮನೆ ಹೊಗೆಯಾಡುತ್ತದೆ. ಒಂದೆರಡು ವರ್ಷ ಗಾಳಿಗೆ ಒಣಗಿಸಿ ತೇವವನ್ನು ಶೇ 20ಕ್ಕಿಂತ ಕೆಳಗೆ ಇಳಿಸಿದ ಸೌದೆ ಬೇಕು. ತುಂಡನ್ನು ಸೀಳಿ, ಒಳಮೈಗೆ ಮೀಟರಿನ ಎರಡು ಮುಳ್ಳು ಚುಚ್ಚಿದರೆ ತೇವ ಎಷ್ಟೆಂದು ತಿಳಿಯುತ್ತದೆ. ಒಣ ಸೌದೆ ಕಾದಾಗ ಅದರೊಳಗಿನ ಅನಿಲ ಹೊರಬರುತ್ತದೆ. ನಾವು ನೋಡುವ ಜ್ವಾಲೆ ಆ ಅನಿಲದ್ದು. ತೆರೆದ ಅಗ್ಗಿಷ್ಟಿಕೆಯಲ್ಲಿ ಅದು ಅರೆಬರೆ ಉರಿದು, ಶಾಖದ ಬಹುಭಾಗವನ್ನು ಹೊತ್ತುಕೊಂಡು ಚಿಮಣಿ ಹತ್ತುತ್ತದೆ. ಹೊಸ ಒಲೆಯಲ್ಲಿ ಮೇಲ್ಭಾಗದ ಸಣ್ಣ ತೂತುಗಳಿಂದ ಮೊದಲೇ ಕಾದ ಗಾಳಿ ಒಳಬರುತ್ತದೆ. ಒಳಗಿನ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹೊಗೆಗೇ ಬೆಂಕಿ ಹತ್ತುತ್ತದೆ. ಗಾಜಿನ ಹಿಂದೆ ಅದು ಸ್ಪಷ್ಟವಾಗಿ ಕಾಣುತ್ತದೆ: ಸೌದೆಯಿಂದ ಮೇಲೆ, ಯಾವ ತುಂಡನ್ನೂ ಮುಟ್ಟದೆ, ತೂತುಗಳ ಸಾಲಿನಿಂದ ನಾಲಿಗೆಗಳು ಇಳಿಬಿದ್ದು ನಿಧಾನವಾಗಿ ಹೊರಳುತ್ತವೆ. ಆ ಹೊತ್ತಿನಲ್ಲಿ ಹೊರಗೆ ಹೋಗಿ ನೋಡಿದರೆ ಚಿಮಣಿಯ ತುದಿಯಲ್ಲಿ ಗಾಳಿ ನಡುಗುವುದಷ್ಟೇ ಕಾಣಬೇಕು.

ಅಮೆರಿಕದಲ್ಲಿ 2020ರಿಂದ ಮಾರುವ ಹೊಸ ಒಲೆಗಳು ಗಂಟೆಗೆ 2ರಿಂದ 2.5 ಗ್ರಾಂಗಿಂತ ಹೆಚ್ಚು ಕಣ ಬಿಡಕೂಡದು. ಹಳೆಯವು ಇದರ ಹಲವು ಪಟ್ಟು ಬಿಡುತ್ತಿದ್ದವು. ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಗಣಿಯೂರಿನಲ್ಲಿ 2005ರಿಂದ 2007ರ ನಡುವೆ ಸಾವಿರಕ್ಕೂ ಹೆಚ್ಚು ಹಳೆಯ ಒಲೆಗಳನ್ನು ಬದಲಿಸಿದಾಗ ಚಳಿಗಾಲದ ಸೂಕ್ಷ್ಮ ಕಣಗಳು ಸುಮಾರು ನಾಲ್ಕನೇ ಒಂದು ಭಾಗದಷ್ಟು ಇಳಿದವು.

ಆದರೂ ಒಲೆ ತಾನಾಗಿ ನೀತಿವಂತವಾಗದು. ಪ್ರಯೋಗಾಲಯದಲ್ಲಿ ಪಾಸಾದ ಒಲೆಗೆ ಮನೆಯವರು ಮಲಗುವ ಮುನ್ನ ಬಾಯಿತುಂಬ ಸೌದೆ ತುರುಕಿ, ಬೆಳಗಿನವರೆಗೆ ಕೆಂಡ ಉಳಿಯಲೆಂದು ಗಾಳಿಯ ಕಿಂಡಿ ಮುಚ್ಚಿಬಿಡುತ್ತಾರೆ. ರಾತ್ರಿಯಿಡೀ ಅದು ಉಸಿರುಕಟ್ಟಿ ಹೊಗೆ ಕಾರುತ್ತದೆ, ಕೊಳವೆಯೊಳಗೆ ಕಪ್ಪು ಅಂಟು ಮಸಿ ಕಟ್ಟುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ಚೆನ್ನಾಗಿ ಉರಿಸಿದಾಗಲೂ ಕಟ್ಟಿಗೆ ಒಲೆ ಬಿಡುವ ಕಣಗಳು ಗ್ಯಾಸ್ ಬಾಯ್ಲರ್‌ಗಿಂತ ಬಹಳ ಹೆಚ್ಚು. ಕಾಡಂಚಿನ ಒಂಟಿ ಮನೆಯಲ್ಲಿ ಆ ಹೊಗೆ ಚದುರಿಹೋಗುತ್ತದೆ. ಲಾನ್‌ಸೆಸ್ಟನ್‌ನಂಥ ಕಣಿವೆಯಲ್ಲಿ ಅದು ನೆರೆಯವರ ಎದೆಗೆ ಇಳಿಯುತ್ತದೆ.

ಹೆನ್ರಿ ಶೂ ಎಂಬ ತತ್ವಜ್ಞಾನಿ 1993ರಲ್ಲಿ, ಬದುಕಲೇಬೇಕಾಗಿ ಬಿಡುವ ಹೊಗೆಯನ್ನೂ ಸುಖಕ್ಕಾಗಿ ಬಿಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂದು ವಾದಿಸಿದರು. ಅವರು ಮಾತಾಡಿದ್ದು ಹವಾಮಾನ ಬದಲಾವಣೆಯ ಬಗ್ಗೆ. ಒಲೆಗೂ ಅದು ಸಲ್ಲುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ತಲೆಮಾರುಗಳ ಹೆಂಗಸರು ಇಲ್ಲಣ ಜೋಲುವ ಅಡುಗೆಮನೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೂತದ್ದು ಬೆಂಕಿಯ ಚೆಲುವಿಗಾಗಿ ಅಲ್ಲ, ಬೇರೆ ದಾರಿ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ, ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಟ್ಟು ಹೊಗೆಯನ್ನು ಕೊಳವೆಯಿಂದ ಹೊರಹಾಕುವ ‘ಅಸ್ತ್ರ ಒಲೆ’ಯನ್ನು ರೂಪಿಸಿದ್ದು ಅಂಥವರಿಗಾಗಿ. ಆ ಹೆಂಗಸರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಹೀಟ್ ಪಂಪ್ ಇರುವ ಲಂಡನ್ ಮನೆಯಲ್ಲಿ ವಾರಾಂತ್ಯದ ಸೊಗಸಿಗೆ ಹಚ್ಚುವ ಬೆಂಕಿಯ ಲೆಕ್ಕ ಬೇರೆ. ಅಲ್ಲಿ ಅದನ್ನು ಆರಿಸುವುದೇ ಅಗ್ನಿಗೆ ತೋರುವ ಗೌರವ.

ಚಳಿದೇಶಗಳಲ್ಲಿ ಮನೆ ಕೊಂಡು, ಅದರೊಂದಿಗೆ ಕಟ್ಟಿಗೆ ಒಲೆಯೂ ಕೈಗೆ ಬಂದಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಅವರಲ್ಲೊಂದು ಬಿನ್ನಹ. ಕರೆಂಟು ಹೋದ ಹಿಮದ ರಾತ್ರಿಗೆ ಒಲೆ ಸಿದ್ಧವಿರಲಿ, ಒಣ ಸೌದೆ ಪೇರಿಸಿಟ್ಟಿರಲಿ, ವರ್ಷಕ್ಕೊಮ್ಮೆ ಚಿಮಣಿಯ ಮಸಿ ತೆಗೆಸಿ. ಆದರೆ ಈ ಚಳಿಗಾಲದ ಮೊದಲ ಬೆಂಕಿ ಹಚ್ಚುವ ಮುನ್ನ ಅಕ್ಕಪಕ್ಕದ ಮನೆಗೆ ಹೋಗಿ, ಉಬ್ಬಸದ ಮಗುವೋ ಎದೆನೋವಿನ ಹಿರಿಯರೋ ಇದ್ದಾರೆಯೇ ಎಂದು ಕೇಳಿ ಬನ್ನಿ. ಇದ್ದರೆ ಹೀಟರ್ ಹಾಕಿಕೊಳ್ಳಿ.